ಕಣ್ಣಿನ ಕೆಳಗಿನ ಕಪ್ಪು

"ಎಂತ, ರಾತ್ರಿ ನಿದ್ದೆ ಇಲ್ಲವಾ?"

ಬುದ್ಧಿ ತಿಳಿದಂದಿನಿಂದ ನಾವು ಅಕ್ಕತಂಗಿಯರಿಬ್ಬರೂ ಈ ಪ್ರಶ್ನೆಯನ್ನು ಕೇಳಿಸಿಕೊಳ್ಳುತ್ತಲೇ ಬಂದವರು. ನಮ್ಮ ನೆಲವೋ ಹಲವು ಭಾಷೆಗಳ ನೆಲ. ಆದುದರಿಂದ ತೋಟಕ್ಕೆ ಬರುವ ಆಳುಗಳು ಅದನ್ನೇ ತುಳುವಿನಲ್ಲಿ "ನಿದ್ರೆ ಇಜ್ಜಾ?" ಎಂದು ಕೇಳಿದರು, ಕಾಸರಗೋಡಿನ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರು "ಉರಕ್ಕಮಿಲ್ಲೇ?" ಎಂದು ಮಲಯಾಳದಲ್ಲಿ ಕೇಳಿದರು. ಕೇಳಿದವರಲ್ಲಿ ಕೆಟ್ಟ ಮನಸ್ಸಿನವರು ಯಾರೂ ಇರಲಿಲ್ಲ. ಎಂಟು ಗಂಟೆ ಸುಖವಾಗಿ ನಿದ್ರಿಸಿ, ಮಿಂದು, ಹೂ ಮುಡಿದು ಹೊರಟವರನ್ನು ನಿಲ್ಲಿಸಿ ಹೀಗೆ ಕೇಳಿದರೆ ಮನಸ್ಸಿಗೆ ಏನಾಗುತ್ತದೆಂಬುದು ಕೇಳಿಸಿಕೊಂಡವರಿಗೆ ಮಾತ್ರ ಗೊತ್ತು.

ನಮ್ಮಲ್ಲಿ ಹಿರಿಯಳು ಬದಿಯಡ್ಕದ ಹತ್ತಿರದ ತೋಟದ ಮನೆಯಲ್ಲಿ ಅಮ್ಮನೊಡನೆ ಇದ್ದಾಳೆ. ಕನ್ನಡ ಶಾಲೆಯಲ್ಲಿ ಪಾಠ ಹೇಳಿ 2017ರಲ್ಲಿ ನಿವೃತ್ತಳಾದವಳು. ಕಿರಿಯಳು ಕಾಸರಗೋಡು ಪೇಟೆಯಲ್ಲಿ ಸಹಕಾರಿ ಬ್ಯಾಂಕೊಂದರ ಗುಮಾಸ್ತೆಯಾಗಿದ್ದು 2022ರಲ್ಲಿ ಕೆಲಸ ಮುಗಿಸಿದವಳು. ಇದನ್ನು ನಾವಿಬ್ಬರೂ ಕೂಡಿಯೇ ಬರೆಯುತ್ತಿದ್ದೇವೆ. ಒಬ್ಬಳು ಮರೆತದ್ದನ್ನು ಇನ್ನೊಬ್ಬಳು ಸೇರಿಸಿದ್ದಾಳೆ, ಒಬ್ಬಳು ಅಡಗಿಸಲು ಹೊರಟದ್ದನ್ನು ಇನ್ನೊಬ್ಬಳು ಹೊರಗೆಳೆದಿದ್ದಾಳೆ. ಮಾಡಿದ ಕೆಲಸ ಒಂದೇ, ಹೇಳಿದ ಸುಳ್ಳೂ ಒಂದೇ ಆದುದರಿಂದ 'ನಾವು' ಎಂದು ಬರೆಯುವುದೇ ಸರಿಯೆನಿಸಿತು.

ಕಿರಿಯಳ ಬೀಳ್ಕೊಡುಗೆಯ ದಿನ ಬ್ಯಾಂಕಿನವರು ಪ್ರೀತಿಯಿಂದ ಅವಳ ಭಾವಚಿತ್ರವನ್ನು ಆಳೆತ್ತರದ ಫ್ಲೆಕ್ಸಿನಲ್ಲಿ ಮುದ್ರಿಸಿ ಬಾಗಿಲಿಗೆ ಕಟ್ಟಿದ್ದರು. ಅಷ್ಟು ದೊಡ್ಡದಾಗಿ ನಮ್ಮ ಕಣ್ಣುಗಳನ್ನು ನಾವು ಎಂದೂ ಕಂಡಿರಲಿಲ್ಲ. ಕೆಳರೆಪ್ಪೆಯ ಅಡಿಯಲ್ಲಿ ಸಣ್ಣ ಚೀಲದಂತೆ ಉಬ್ಬು, ಅದರ ಕೆಳಗೆ ಮಸಿ ತೇದು ಬಳಿದಂತೆ ಅರ್ಧಚಂದ್ರ. "ಇದು ನೀನಲ್ಲ, ನಾನು" ಎಂದಳು ಹಿರಿಯಳು. ಇಬ್ಬರೂ ನಕ್ಕೆವು. ಆದರೆ ಮನೆಗೆ ಬರುವ ದಾರಿಯಲ್ಲಿ ಇಬ್ಬರೂ ಮಾತಾಡಲಿಲ್ಲ.

ಇಲ್ಲಿ ಒಂದು ಹಳೆಯ ಚಿತ್ರದ ಸಂಗತಿಯನ್ನು ಹೇಳಬೇಕು. ನಮ್ಮ ಮನೆಯ ಚಾವಡಿಯ ಗೋಡೆಯಲ್ಲಿ ಅಪ್ಪ ಅಮ್ಮನ ಮದುವೆಯ ಭಾವಚಿತ್ರವಿದೆ. 1958ರದು. ಅಪ್ಪ ನಿಂತಿದ್ದಾರೆ, ಹತ್ತೊಂಬತ್ತರ ಅಮ್ಮ ಕುರ್ಚಿಯಲ್ಲಿ ಕುಳಿತಿದ್ದಾಳೆ. ಆ ಚಿತ್ರದಲ್ಲಿ ಅಮ್ಮನ ಕಣ್ಣಿನ ಕೆಳಗೆ ಕಪ್ಪಿಲ್ಲ. ಕೆನ್ನೆಯವರೆಗೆ ಒಂದೇ ಸಮನಾದ ತಿಳಿ. ನಾವು ಕಂಡ ಅಮ್ಮನಿಗಾದರೋ ನಮಗಿಂತ ಗಾಢವಾದ ಕಪ್ಪು. ಹಾಗಾದರೆ ಇದು ಹುಟ್ಟಿನಿಂದ ಬಂದುದಲ್ಲ, ಒಲೆಯ ಹೊಗೆ, ಬಾಣಂತನಗಳು, ಅತ್ತೆಯ ಮನೆಯ ದುಡಿಮೆ ಇವುಗಳಿಂದ ಬಂದುದು, ಬಂದುದಾದರೆ ಹೋಗಲೂಬೇಕು ಎಂದು ನಾವು ಬಾಲ್ಯದಲ್ಲೇ ತೀರ್ಮಾನಿಸಿಬಿಟ್ಟಿದ್ದೆವು. ಆ ತೀರ್ಮಾನವನ್ನು ಯಾರೊಡನೆಯೂ ಆಡಿರಲಿಲ್ಲ. ಆದರೆ ಮುಂದೆ ಮಾಡಿದ್ದೆಲ್ಲ ಅದರ ಬಲದಿಂದಲೇ.

2022ರ ನವೆಂಬರಿನಲ್ಲಿ ನಾವು ಮಂಗಳೂರಿನ ಒಂದು ಕಣ್ಣಾಸ್ಪತ್ರೆಗೆ ಹೋದೆವು. ನಮ್ಮ ಕಡೆಯವರಿಗೆ ದೊಡ್ಡ ಕಾಯಿಲೆಗೆ ಮಂಗಳೂರೇ ಗತಿಯೆಂಬುದು ಓದುಗರಿಗೆ ತಿಳಿದದ್ದೇ. ತಲಪಾಡಿ ದಾಟುವಾಗ ಇಬ್ಬರಿಗೂ ಒಂದೇ ನೆನಪು ಬಂತು. 2020ರ ಮಾರ್ಚಿಯಲ್ಲಿ ಸೋಂಕಿನ ಭಯದಿಂದ ಗಡಿಯ ದಾರಿಗಳನ್ನು ಮುಚ್ಚಿ, ಕೆಲವೆಡೆ ಮಣ್ಣು ಸುರಿದು, ಪ್ರಾಣಸಂಕಟದಲ್ಲಿದ್ದವರನ್ನೂ ಹಿಂದಕ್ಕೆ ಕಳುಹಿಸಿದ ದಾರಿಯದು. ಅಂಥ ದಾರಿಯಲ್ಲಿ ನಾವೀಗ ಚಂದದ ಆಸೆಗಾಗಿ ಹೊರಟಿದ್ದೆವು. ನಾಚಿಕೆಯಾಯಿತು. ಬಸ್ಸಿನಿಂದ ಇಳಿಯುವಷ್ಟು ಆಗಲಿಲ್ಲವೆಂಬುದನ್ನೂ ಒಪ್ಪಿಕೊಳ್ಳಬೇಕು.

ಹಿರಿಯಳಿಗೆ ಹೇಳಿಕೊಳ್ಳಲು ಒಂದು ಕಾರಣವಿತ್ತು. ಅವಳ ಮೇಲಿನ ರೆಪ್ಪೆಗಳ ಚರ್ಮ ಸಡಿಲಾಗಿ ಜೋತು, ಅಂಚಿನಲ್ಲಿ ನೋಟಕ್ಕೆ ಅಡ್ಡವಾಗುತ್ತಿತ್ತು. ಪತ್ರಿಕೆ ಓದುವಾಗ ಹುಬ್ಬನ್ನು ಮೇಲಕ್ಕೆತ್ತಿ ಹಿಡಿದೂ ಹಿಡಿದೂ ಸಂಜೆಯಾಗುತ್ತಲೇ ಹಣೆ ನೋಯುತ್ತಿತ್ತು. ಕಿರಿಯಳಿಗೆ ಅಂಥ ನೆವ ಯಾವುದೂ ಇರಲಿಲ್ಲ.

ರೆಪ್ಪೆಯ ಶಸ್ತ್ರಕ್ರಿಯೆಯಲ್ಲಿ ವಿಶೇಷ ತರಬೇತಿ ಪಡೆದ ವೈದ್ಯೆಯೊಬ್ಬರು ನಮ್ಮನ್ನು ಬಹಳ ಹೊತ್ತು ಪರೀಕ್ಷಿಸಿದರು. ಕೆಳರೆಪ್ಪೆಯ ಅಂಚಿಗೆ ಸಣ್ಣ ಕಾಗದದ ಪಟ್ಟಿ ಸಿಕ್ಕಿಸಿ, ಐದು ನಿಮಿಷದಲ್ಲಿ ಅದು ಎಷ್ಟು ಒದ್ದೆಯಾಗುತ್ತದೆಂದು ಅಳೆದು ಕಣ್ಣೀರಿನ ಪ್ರಮಾಣ ನೋಡಿದರು. ಕಣ್ಣು ಮೊದಲೇ ಒಣಗಿದ್ದರೆ ಶಸ್ತ್ರಕ್ರಿಯೆಯ ಅನಂತರ ತೊಂದರೆ ಹೆಚ್ಚಂತೆ. ಕೆಳರೆಪ್ಪೆಯನ್ನು ಬೆರಳಿನಲ್ಲಿ ಎಳೆದು ಬಿಟ್ಟು, ಅದು ಎಷ್ಟು ಬೇಗ ಸ್ವಸ್ಥಾನಕ್ಕೆ ಮರಳುತ್ತದೆಂದು ನೋಡಿದರು. ಆಮೇಲೆ ಕಪ್ಪಿನ ಸರದಿ. ಚರ್ಮವನ್ನು ಮೆಲ್ಲಗೆ ಹಿಗ್ಗಿಸಿ ಹಿಡಿದರು. ದೀಪವನ್ನು ಮೇಲಿನಿಂದ ಹಿಡಿದರು, ಎದುರಿನಿಂದ ಹಿಡಿದರು.

ಅವರು ವಿವರಿಸಿದ್ದು ಹೀಗೆ: ಕಣ್ಣಿನ ಕೆಳಗಿನ ಕಪ್ಪು ಎಂಬುದು ಒಂದೇ ವಸ್ತುವಲ್ಲ. ಉಬ್ಬಿನ ಕೆಳಗೆ ತಗ್ಗಿದ್ದರೆ ಅದರಲ್ಲಿ ನೆರಳು ಬೀಳುತ್ತದೆ. ದೀಪವನ್ನು ಎದುರಿಗೆ ಹಿಡಿದರೆ ಆ ನೆರಳು ಮಾಯವಾಗುತ್ತದೆ. ರೆಪ್ಪೆಯ ಚರ್ಮ ಇಡೀ ದೇಹದಲ್ಲೇ ಅತ್ಯಂತ ತೆಳುವಾದದ್ದು, ಒಂದು ಮಿಲಿಮೀಟರಿಗಿಂತಲೂ ಕಡಿಮೆ. ಅದರಡಿಯ ಸ್ನಾಯುವೂ ರಕ್ತನಾಳಗಳೂ ನೀಲಿಯಾಗಿ ತೋರುವುದುಂಟು. ಚರ್ಮವನ್ನು ಹಿಗ್ಗಿಸಿದರೆ ಈ ನೀಲಿ ಇನ್ನಷ್ಟು ಎದ್ದು ಕಾಣುತ್ತದೆ. ಮೂರನೆಯದು ಚರ್ಮದ್ದೇ ಬಣ್ಣ. ಹಿಗ್ಗಿಸಿದರೂ ಅಷ್ಟೇ, ಬಿಟ್ಟರೂ ಅಷ್ಟೇ, ದೀಪ ಎಲ್ಲಿ ಹಿಡಿದರೂ ಅಷ್ಟೇ. ನಮ್ಮ ದೇಶದವರಲ್ಲಿ ಇದು ಬಹಳ, ಅದೂ ಒಂದೇ ಮನೆತನದಲ್ಲಿ ಸಾಲಾಗಿ.

"ನಿಮ್ಮಿಬ್ಬರಲ್ಲೂ ಸ್ವಲ್ಪ ನೆರಳಿದೆ, ಬಹುಪಾಲು ಬಣ್ಣ. ಚೀಲ ಹೋಗುತ್ತದೆ. ನೆರಳು ಸ್ವಲ್ಪ ಕಡಿಮೆಯಾಗಬಹುದು. ಬಣ್ಣ ಹೋಗುವುದಿಲ್ಲ. ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಿದೆಯೇ?"

"ಅಮ್ಮನಿಗಿದೆ. ಆದರೆ ಮದುವೆಯ ಕಾಲದಲ್ಲಿ ಇರಲಿಲ್ಲ" ಎಂದೆವು ಇಬ್ಬರೂ ಒಟ್ಟಿಗೆ.

ಅವರು ಏನೋ ಬರೆದುಕೊಂಡರು. ಮೂರು ಸ್ಪಷ್ಟ ಕನ್ನಡ ವಾಕ್ಯಗಳಲ್ಲಿ ಅವರು ಹೇಳಿದ್ದರಲ್ಲಿ ನಾವು ಹೊತ್ತು ತಂದದ್ದು ಮೊದಲನೆಯದನ್ನು ಮಾತ್ರ. ಶಾಲೆಯಲ್ಲಿ ಮಕ್ಕಳು ಪ್ರಶ್ನೆಯನ್ನು ಪೂರ್ತಿ ಓದದೆ ಉತ್ತರ ಬರೆದಾಗ ಹಿರಿಯಳು ಎಷ್ಟು ಗದರಿಲ್ಲ!

ಶಸ್ತ್ರಕ್ರಿಯೆ ಡಿಸೆಂಬರ್ ಎರಡನೆಯ ವಾರ. ಹಿರಿಯಳು ಹೃದಯದ ವೈದ್ಯರ ಸಲಹೆಯಂತೆ ದಿನಕ್ಕೊಂದು ಆಸ್ಪಿರಿನ್ ತಿನ್ನುವವಳು. ಅದು ರಕ್ತ ಹೆಪ್ಪುಗಟ್ಟುವುದನ್ನು ತಡೆಯುವುದರಿಂದ ಮೊದಲೇ ನಿಲ್ಲಿಸಬೇಕಿತ್ತು. ಆದರೆ ಹೃದಯದ ವೈದ್ಯರು ಲಿಖಿತವಾಗಿ ಒಪ್ಪಿಗೆ ಕೊಡುವವರೆಗೆ ಈ ವೈದ್ಯೆ ದಿನವನ್ನೇ ಗೊತ್ತುಮಾಡಲಿಲ್ಲ. ಖರ್ಚು ತಲೆಗೆ ಹತ್ತಿರಹತ್ತಿರ ಎರಡು ಪವನು ಚಿನ್ನದ ಬೆಲೆ. ಚಂದಕ್ಕೆ ಮಾಡಿಸಿಕೊಳ್ಳುವುದಕ್ಕೆ ವಿಮೆಯವರು ಕೊಡುವುದಿಲ್ಲ. ಕೊಡಬೇಕಾದ ನ್ಯಾಯವೂ ಇಲ್ಲ.

ಕಣ್ಣಿನ ಗೋಲದ ಸುತ್ತ ಮೆತ್ತೆಯಂತೆ ಕೊಬ್ಬಿದೆ. ಅದನ್ನು ತಡೆದು ಹಿಡಿಯುವ ತೆಳ್ಳಗಿನ ಪರದೆ ವಯಸ್ಸಿನೊಡನೆ ಸಡಿಲಾದಾಗ ಕೊಬ್ಬು ಮುಂದಕ್ಕೆ ಉಬ್ಬುತ್ತದೆ, ಅದೇ ಚೀಲ. ಕಿರಿಯಳಿಗೆ ಕೆಳರೆಪ್ಪೆಯ ಒಳಮೈಯಿಂದಲೇ ಕೊಯ್ದು, ಕೊಬ್ಬನ್ನು ಕೊಂಚ ತೆಗೆದು, ಉಳಿದುದನ್ನು ಕೆಳಗಿನ ತಗ್ಗಿಗೆ ಹರಡಿದರು. ಹೊರಗೆ ಗೀರೂ ಇಲ್ಲ. ಹಿರಿಯಳಿಗೆ ಮೇಲುರೆಪ್ಪೆಯ ಮಡಿಕೆಯಲ್ಲಿ ಚರ್ಮದ ಒಂದು ಎಸಳನ್ನು ತೆಗೆದು ಹೊಲಿದರು. ಕೆಳಗೆ ರೆಪ್ಪೆಗೂದಲಿಗೆ ತಾಗಿದಂತೆ ಕೊಯ್ದರು. ಮರಗಟ್ಟಿಸುವ ಚುಚ್ಚುಮದ್ದು, ಜೊತೆಗೆ ಮಂಪರಿನ ಮದ್ದು. ನೋವಿರಲಿಲ್ಲ; ಯಾರೋ ದೂರದಲ್ಲಿ ಬಟ್ಟೆ ಕತ್ತರಿಸುತ್ತಿರುವಂತೆ ಸದ್ದು ಮಾತ್ರ.

ಈ ವಿದ್ಯೆ ಇತ್ತೀಚಿನದೆಂದು ತಿಳಿದಿದ್ದೆವು. ಅಲ್ಲ. ಇಂದು ವೈದ್ಯರು ಬಳಸುವ 'ಬ್ಲೆಫರೋಪ್ಲಾಸ್ಟಿ' ಎಂಬ ಹೆಸರನ್ನು 1818ರಲ್ಲಿ ಕೊಟ್ಟವರು ಜರ್ಮನಿಯ ಶಸ್ತ್ರವೈದ್ಯ ಕಾರ್ಲ್ ಫರ್ಡಿನಾಂಡ್ ಫಾನ್ ಗ್ರೇಫೆ. ಅದಕ್ಕೂ ಬಹು ಹಿಂದೆಯೇ ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ, ರೆಪ್ಪೆಗೂದಲು ಒಳಕ್ಕೆ ತಿರುಗಿ ಕಣ್ಣನ್ನು ಚುಚ್ಚುವ ರೋಗಕ್ಕೆ, ಹುಬ್ಬಿನ ಕೆಳಗೆ ಜವೆಗೋಧಿಯ ಆಕಾರದಲ್ಲಿ ಚರ್ಮವನ್ನು ತೆಗೆದು ಕೂದಲಿನಿಂದ ಹೊಲಿಯುವ ಕ್ರಮವಿದೆ. ಅದು ನೋವಿನ ಪರಿಹಾರಕ್ಕಾಗಿ. ನಮ್ಮದು ಫ್ಲೆಕ್ಸಿನ ಪರಿಹಾರಕ್ಕಾಗಿ.

ಅಂದು ಸಂಜೆಯೇ ಮನೆಗೆ ಕಳುಹಿಸಿದರು. ಮನೆಯೆಂದರೆ ಮಂಗಳೂರಿನಲ್ಲಿರುವ ಕಿರಿಯಳ ಮಗಳ ಬಾಡಿಗೆ ಮನೆ. ಮಗಳು ಮನೆ ಬದಲಾಯಿಸುತ್ತಿದ್ದಾಳೆ, ಸಾಮಾನು ಜೋಡಿಸಿ ಕೊಟ್ಟು ಬರುತ್ತೇವೆ ಎಂದು ಅಮ್ಮನಿಗೆ ಹೇಳಿ ಬಂದಿದ್ದೆವು. ಅಮ್ಮನ ಕೆಲಸಕ್ಕೆ ನೆರೆಮನೆಯಾಕೆಯನ್ನು ಗೊತ್ತುಮಾಡಿದ್ದೆವು. ಎಂಬತ್ತಮೂರರ ಹೆಂಗಸಿಗೆ ಹೇಳಿದರೆ ಹೆದರುತ್ತಾಳೆಂಬುದು ನಾವು ನಮಗೇ ಕೊಟ್ಟುಕೊಂಡ ಕಾರಣ. ನಿಜವಾದ ಕಾರಣ ಬೇರೆ: ಅವಳದೇ ಕಣ್ಣುಗಳನ್ನು ಅವಳೆದುರು 'ಸರಿ ಮಾಡಿಸಿಕೊಂಡೆವು' ಎನ್ನಲು ಬಾಯಿ ಬರಲಿಲ್ಲ.

ಮೊದಲ ಎರಡು ದಿನ ಐಸು ನೀರಿನಲ್ಲಿ ಅದ್ದಿದ ಗಾಜುಬಟ್ಟೆಯನ್ನು ಗಂಟೆಗೊಮ್ಮೆ ಹದಿನೈದು ನಿಮಿಷ ಕಣ್ಣಿಗೆ ಇಡಬೇಕಿತ್ತು. ಐಸನ್ನು ನೇರವಾಗಿ ತಾಗಿಸಬಾರದು. ತಲೆದಿಂಬು ಎರಡು, ಬಗ್ಗಬಾರದು, ಭಾರ ಎತ್ತಬಾರದು. ಮುಲಾಮಿನಿಂದ ನೋಟವೆಲ್ಲ ಎಣ್ಣೆಗಾಜಿನ ಹಿಂದಿನಂತೆ. ಒಂದೇ ಹಾಸಿಗೆಯಲ್ಲಿ ಒರಗಿ ಕುಳಿತ ಇಬ್ಬರು ಮುದುಕಿಯರಿಗೆ ಮಗಳು ಚಮಚದಲ್ಲಿ ಗಂಜಿ ತಿನ್ನಿಸಿದಳು. ಮೂರನೆಯ ದಿನ ಬಾವು ತುತ್ತತುದಿಗೇರಿತು. ಕನ್ನಡಿ ನೋಡಬೇಡಿ ಎಂದಿದ್ದರೂ ನೋಡಿದೆವು. ಕಣ್ಣುಗಳಿರಬೇಕಾದಲ್ಲಿ ಎರಡು ಗೀಟುಗಳು, ಸುತ್ತಲೂ ನೇರಳೆ ಹಣ್ಣಿನ ಬಣ್ಣ.

ಎರಡನೆಯ ರಾತ್ರಿಯ ಮಾತನ್ನು ಬಿಡುವಂತಿಲ್ಲ. ಎರಡು ಗಂಟೆಯ ಹೊತ್ತಿಗೆ ಕಿರಿಯಳ ಬಲಗಣ್ಣಿನಲ್ಲಿ ಸಿಡಿತ ಆರಂಭವಾಯಿತು. ಆಸ್ಪತ್ರೆಯವರು ಕೊಟ್ಟ ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆದಿತ್ತು: ಒಂದೇ ಕಣ್ಣಿನಲ್ಲಿ ಥಟ್ಟನೆ ಜೋರಾದ ನೋವು, ಗೋಲ ಮುಂದಕ್ಕೆ ಉಬ್ಬುವುದು, ನೋಟ ಮಂಕಾಗುವುದು, ಇವುಗಳಲ್ಲಿ ಯಾವುದಾದರೂ ಕಂಡರೆ ಬೆಳಗಾಗಲಿ ಎಂದು ಕಾಯಬಾರದು. ಕಣ್ಣಿನ ಹಿಂದೆ ರಕ್ತ ಶೇಖರವಾಗಿ ದೃಷ್ಟಿಯ ನರವನ್ನು ಒತ್ತಿದರೆ ಕೆಲವೇ ಗಂಟೆಗಳಲ್ಲಿ ಕಣ್ಣು ಶಾಶ್ವತವಾಗಿ ಹೋಗಬಹುದು. ತೀರ ಅಪರೂಪ, ಆದರೆ ಅಪರೂಪವೆಂಬ ಮಾತು ರಾತ್ರಿ ಎರಡು ಗಂಟೆಗೆ ಸಮಾಧಾನ ಕೊಡುವುದಿಲ್ಲ. ಮಗಳು ಒಂದೊಂದೇ ಕಣ್ಣನ್ನು ಮುಚ್ಚಿಸಿ ಗೋಡೆಯ ಕ್ಯಾಲೆಂಡರಿನ ಅಂಕೆಗಳನ್ನು ಓದಿಸಿದಳು. ಹದಿನಾಲ್ಕು, ಹದಿನೈದು, ಹದಿನಾರು. ಓದಲು ಬಂತು. ಆದರೂ ಹೊರಟೆವು. ನಿರ್ಜನವಾದ ರಸ್ತೆ, ಕಾರಿನ ಹಿಂದಿನ ಸೀಟಿನಲ್ಲಿ ನಾವಿಬ್ಬರೂ ಕೈ ಹಿಡಿದು ಕುಳಿತಿದ್ದೆವು. ಇದ್ದ ಕಣ್ಣನ್ನು ಕಳೆದುಕೊಂಡು ಹೋದರೆ ಅಮ್ಮನಿಗೆ ಏನೆಂದು ಹೇಳುವುದು? ಮನೆ ಸಾಮಾನು ಜೋಡಿಸುವಾಗ ಕಣ್ಣು ಹೋಯಿತು ಎನ್ನುವುದೇ?

ಪಾಳಿಯಲ್ಲಿದ್ದ ವೈದ್ಯರು ಒತ್ತಡ ಅಳೆದು, ಬೆಳಕು ಬಿಟ್ಟು ನೋಡಿ, ಬಾವಿನ ಬಿಗಿತವಷ್ಟೇ ಎಂದರು. "ಬಂದದ್ದು ಒಳ್ಳೆಯದಾಯಿತು" ಎಂದೂ ಸೇರಿಸಿದರು. ಸುಮ್ಮನೆ ಬಂದಿರೆಂದು ಗದರಲಿಲ್ಲ. ಆ ಸೌಜನ್ಯವನ್ನು ಮರೆಯಲಾರೆವು.

ಆರನೆಯ ದಿನ ಹಿರಿಯಳ ಹೊಲಿಗೆ ತೆಗೆದರು. ಅಷ್ಟರಲ್ಲಿ ಬಣ್ಣಗಳ ಮೆರವಣಿಗೆ ಹೊರಟಿತ್ತು. ಚರ್ಮದಡಿ ಸೋರಿದ ರಕ್ತದ ಕೆಂಪು ವಸ್ತು ಒಡೆಯುತ್ತ ಮೊದಲು ಹಸಿರಿಗೆ, ಆಮೇಲೆ ಹಳದಿಗೆ ತಿರುಗುತ್ತದೆ. ಅದರೊಳಗಿನ ಕಬ್ಬಿಣದ ಅಂಶ ಮಾತ್ರ ಕೆಲವರಲ್ಲಿ ಕಂದು ಕಲೆಯಾಗಿ ತಿಂಗಳುಗಟ್ಟಲೆ ನಿಲ್ಲುತ್ತದೆ. ರಕ್ತ ಕೆಳಕ್ಕೆ ಇಳಿಯುವುದರಿಂದ ಕೆನ್ನೆಯವರೆಗೂ ಅರಸಿನ ಹಚ್ಚಿದಂತಾಗಿತ್ತು. "ಇಬ್ಬರೂ ಮದುಮಗಳಂತೆ ಆಗಿದ್ದೀರಿ" ಎಂದು ಮಗಳು ನಗಿಸಲು ನೋಡಿದಳು. ನಕ್ಕರೆ ರೆಪ್ಪೆ ಎಳೆಯುತ್ತಿತ್ತು. ಕಣ್ಣು ಪೂರ್ತಿ ಮುಚ್ಚದೆ ರಾತ್ರಿ ಒಣಗುತ್ತಿತ್ತು. ಅದಕ್ಕೆ ಕಣ್ಣೀರಿನಂಥ ಹನಿಮದ್ದು. ಹೀಗೆ ಹದಿಮೂರು ದಿನ.

ಹದಿನಾಲ್ಕನೆಯ ದಿನ ಕಪ್ಪು ಕನ್ನಡಕ ಧರಿಸಿ ಊರಿಗೆ ಬಂದೆವು. ಕನ್ನಡಕ ತೆಗೆದೊಡನೆ ಅಮ್ಮ ಮುಖ ನೋಡಿದಳು. "ಹೊಸ ಮನೆಯ ಪೈಂಟಿನ ವಾಸನೆ ಆಗಲಿಲ್ಲ, ಕಣ್ಣು ಬಾತುಹೋಯಿತು" ಎಂದೆವು. "ಇಬ್ಬರಿಗೂ?" ಎಂದಳು. "ಇಬ್ಬರಿಗೂ." ಅವಳು ಮತ್ತೆ ಕೇಳಲಿಲ್ಲ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಎನ್ನುವಂತೆ ಅವಳು ಸುಮ್ಮನಾದದ್ದೇ ನಮಗೆ ಭಯ.

ಮೂರು ವಾರ ಕಳೆಯಿತು. ಹಳದಿ ಹೋಯಿತು, ಬಾವು ಇಳಿಯಿತು, ಚೀಲಗಳು ಇರಲಿಲ್ಲ. ಆದರೆ ಕಪ್ಪು ಅಲ್ಲೇ ಇತ್ತು. ಅಲ್ಲೇ ಇತ್ತೆಂದರೆ ಸಾಲದು. ಉಬ್ಬಿನ ಮರೆ ಹೋದುದರಿಂದ ಇನ್ನೂ ಸ್ಪಷ್ಟವಾಗಿತ್ತು. ಅಂಗಳದ ಹುಲ್ಲು ಕೆತ್ತಿದ ಮೇಲೆ ಕಲ್ಲು ಕಾಣುವುದಿಲ್ಲವೇ, ಹಾಗೆ. ಹಿರಿಯಳದು ಇನ್ನೂ ಒಂದು ಪಾಲು ಹೆಚ್ಚು; ಕೆಳಗಿನ ಗಾಯದ ಗೆರೆಯೇ ಕಂದಾಗಿತ್ತು. ಅದರಲ್ಲಿ ಅವಳ ತಪ್ಪೂ ಇದೆ. ಜನವರಿಯೆಂದರೆ ನಮ್ಮಲ್ಲಿ ಅಡಿಕೆಯ ಕಾಲ. ಗಾಯ ಹಸಿಯಿರುವಾಗ ಬಿಸಿಲು ತಾಗಿದರೆ ಬಣ್ಣ ಕೂರುತ್ತದೆಂದು ಹೇಳಿ ಕಳುಹಿಸಿದ್ದರೂ, ಟೊಪ್ಪಿಯೂ ಇಲ್ಲದೆ, ಕನ್ನಡಕವೂ ಇಲ್ಲದೆ ಅಂಗಳದಲ್ಲಿ ನಿಂತು ಅಡಿಕೆ ಹರಗಿದಳು. ಕನ್ನಡಕ ಹಾಕಿದರೆ ಆಳುಗಳು ಏನೆಂದುಕೊಂಡಾರು ಎಂಬ ಸಂಕೋಚ!

ಆ ದಿನಗಳಲ್ಲೇ ಬದಿಯಡ್ಕದ ಪೇಟೆಯಲ್ಲಿ ಹಳೆಯ ವಿದ್ಯಾರ್ಥಿಯ ತಾಯಿಯೊಬ್ಬಳು ಹಿರಿಯಳನ್ನು ನಿಲ್ಲಿಸಿದಳು. "ಎಂತ ಟೀಚರೇ, ನಿದ್ದೆ ಇಲ್ಲವಾ?"

ಆರನೆಯ ವಾರದ ಭೇಟಿಗೆ ನಾವು ಜಗಳಕ್ಕೇ ಹೋದೆವೆನ್ನಬೇಕು. ವೈದ್ಯೆ ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ಕಂಪ್ಯೂಟರಿನಲ್ಲಿ ನವೆಂಬರಿನ ಚಿತ್ರಗಳನ್ನು ತೆರೆದು, ಅದೇ ದೀಪದಲ್ಲಿ ಅಂದು ತೆಗೆದ ಚಿತ್ರವನ್ನು ಪಕ್ಕದಲ್ಲಿಟ್ಟರು. ಚೀಲ ಇತ್ತು, ಈಗ ಇಲ್ಲ. ಕಪ್ಪು ಅಂದೂ ಅಷ್ಟೇ ಇತ್ತು. "ಹಿರಿಯವರಿಗೆ ಬಿಸಿಲಿನಿಂದ ಸ್ವಲ್ಪ ಸೇರಿದೆ, ಅದು ಆರು ತಿಂಗಳಲ್ಲಿ ತಿಳಿಯಾದೀತು. ಉಳಿದದ್ದು ನಾನು ಕೊಟ್ಟದ್ದಲ್ಲ, ನಾನು ತೆಗೆಯುತ್ತೇನೆಂದೂ ಹೇಳಿರಲಿಲ್ಲ." ಕಡತದಲ್ಲಿ ಅವರು ಅಂದು ಬರೆದುಕೊಂಡದ್ದೂ ಇತ್ತು. ನಮ್ಮ ಜಗಳ ಅಲ್ಲಿಗೆ ಮುಗಿಯಿತು.

ಬೇರೆ ಉಪಾಯಗಳನ್ನು ಕೇಳಿದೆವು. ಲೇಸರ್ ಉಂಟು, ಆದರೆ ನಮ್ಮಂಥ ಮೈಬಣ್ಣದವರಲ್ಲಿ ಅದೇ ಹೊಸ ಕಪ್ಪನ್ನು ತರಬಹುದು. ತಗ್ಗಿಗೆ ತುಂಬುವ ಚುಚ್ಚುಮದ್ದು ಉಂಟು, ಅದು ತಪ್ಪಿ ರಕ್ತನಾಳಕ್ಕೆ ಹೋದರೆ ದೃಷ್ಟಿಗೇ ಅಪಾಯ, ಅಪರೂಪವಾದರೂ. ಬಣ್ಣ ತಿಳಿಮಾಡುವ ಮುಲಾಮುಗಳನ್ನು ಚರ್ಮವೈದ್ಯರ ಕಣ್ಣಳತೆಯಲ್ಲೇ ಹಚ್ಚಬೇಕು. ಮುಖ್ಯವಾಗಿ ಕಣ್ಣುಜ್ಜಬಾರದು, ಬಿಸಿಲಿಗೆ ಮರೆಯಿಲ್ಲದೆ ಹೋಗಬಾರದು. ಇಬ್ಬರ ರಕ್ತವನ್ನೂ ಪರೀಕ್ಷಿಸಿದಾಗ ಕಿರಿಯಳ ಹಿಮೋಗ್ಲೋಬಿನ್ 9.6 ಮಾತ್ರವೆಂದು ತಿಳಿಯಿತು. ರಕ್ತ ಕಡಿಮೆಯಾಗಿ ಮುಖ ಬಿಳಿಚಿಕೊಂಡಾಗ ಕಪ್ಪು ಹೆಚ್ಚು ಎದ್ದು ಕಾಣುತ್ತದಂತೆ. ಕಬ್ಬಿಣದ ಮಾತ್ರೆ ಕೊಟ್ಟರು. ಕೆಲವೇ ರೂಪಾಯಿಯ ಆ ಮಾತ್ರೆಯಿಂದ ಮೆಟ್ಟಿಲು ಹತ್ತುವಾಗಿನ ಏದುಸಿರು ನಿಂತದ್ದು ನಿಜ. ಈ ಪರೀಕ್ಷೆಯನ್ನು ಮೊದಲೇ ನಾವಾಗಿ ಮಾಡಿಸಬಹುದಿತ್ತಲ್ಲ! ಸೌತೆಕಾಯಿಯ ಬಿಲ್ಲೆ, ಬಟಾಟೆಯ ರಸ, ಬಾದಾಮಿ ಎಣ್ಣೆ ಎಂದು ಪರಿಚಯದವರು ಹೇಳಿದ್ದೆಲ್ಲ ತಂಪಿಗೆ ಒಳ್ಳೆಯದು. ಹಸಿಗಾಯದ ಹತ್ತಿರ ಮಾತ್ರ ಯಾವ ಸೋದರಿಯೂ ಅವನ್ನು ಸುಳಿಸದಿರಲಿ.

ಶಸ್ತ್ರಕ್ರಿಯೆಯಿಂದ ಪ್ರಯೋಜನವೇ ಆಗಲಿಲ್ಲವೆಂದರೆ ಅನ್ಯಾಯವಾದೀತು. ಹಿರಿಯಳು ಈಗ ಹುಬ್ಬೆತ್ತದೆ ಪತ್ರಿಕೆ ಓದುತ್ತಾಳೆ, ಸಂಜೆಯ ಹಣೆನೋವು ಇಲ್ಲ. ಕಿರಿಯಳ ಮುಖದಿಂದ ಒಂದು ದಣಿವು ಇಳಿದಿದೆ. ಅವಳಿಗೆ ಗೊತ್ತಾಗುತ್ತದೆ, ಬೇರೆಯವರಿಗೆ ಗೊತ್ತಾಗುವುದಿಲ್ಲ.

ಈಗ ಅಮ್ಮನ ಮಾತಿಗೆ ಬರಬೇಕು. 2023ರ ಮಾರ್ಚಿಯಲ್ಲಿ ಒಂದು ಬೆಳಗ್ಗೆ ಅಮ್ಮ ಟ್ರಂಕಿನಿಂದ ಪಟ್ಟೆಸೀರೆ ತೆಗೆದಿರಿಸಿ, "ಮಧೂರಿಗೆ ಹೋಗಬೇಕು, ಗಣಪತಿಗೆ ಅಪ್ಪದ ಹರಕೆ ಉಂಟು" ಎಂದಳು. ಮೊಣಕಾಲು ನೋವಿನಿಂದ ಎರಡು ವರ್ಷ ಮನೆಯಂಗಳ ದಾಟದಿದ್ದವಳು. ಯಾವ ಹರಕೆಯೆಂದು ಕೇಳಿದರೆ ಮೊದಲು ಹೇಳಲಿಲ್ಲ. ಆ ಭಾನುವಾರ ಕಿರಿಯಳೂ ಬಂದಿದ್ದಳು. ಇಬ್ಬರನ್ನೂ ಎದುರಿಗೆ ಕುಳ್ಳಿರಿಸಿ ಅಮ್ಮ ಕೇಳಿದಳು: "ನಿಮ್ಮಿಬ್ಬರಲ್ಲಿ ಕಾಯಿಲೆ ಯಾರಿಗೆ? ಕಿಡ್ನಿಯದಾ? ನನಗೆ ಹೇಳದೆ ಆಸ್ಪತ್ರೆಯಲ್ಲಿ ಹದಿಮೂರು ದಿನ ಇದ್ದದ್ದು ಯಾರು?"

ಎಂಟು ವರ್ಷಗಳ ಹಿಂದೆ ಪೊರೆ ತೆಗೆಸಿಕೊಂಡ ಅವಳ ಕಣ್ಣು ನಮಗಿಂತ ಚುರುಕು. ಬಂದ ದಿನವೇ ಹಿರಿಯಳ ರೆಪ್ಪೆಯ ಹೊಲಿಗೆಯ ಗೆರೆಯನ್ನು ನೋಡಿದ್ದಳು. ಮುಖದಲ್ಲಿ ಹೊಲಿಗೆ, ಕಣ್ಣಿನ ಕೆಳಗೆ ಹಿಂದೆಂದಿಗಿಂತ ಕಪ್ಪು, ಇಬ್ಬರ ಬಾಯಲ್ಲೂ ಒಂದೇ ಸುಳ್ಳು. ಏನೋ ದೊಡ್ಡ ರೋಗವನ್ನು ಬಚ್ಚಿಡುತ್ತಿದ್ದಾರೆ, ತಾನು ಸಾಯುವ ಮೊದಲು ಮಕ್ಕಳೇ ಹೋಗುತ್ತಾರೆ ಎಂದು ಎಣಿಸಿ ಎರಡೂವರೆ ತಿಂಗಳು ರಾತ್ರಿ ಎಚ್ಚರವಿದ್ದಳು. ನಿದ್ದೆಯಿಲ್ಲವೇ ಎಂದು ಊರೆಲ್ಲ ನಮ್ಮನ್ನು ಕೇಳುತ್ತಿದ್ದಾಗ, ನಿಜವಾಗಿ ನಿದ್ದೆಯಿಲ್ಲದವಳು ಒಳಕೋಣೆಯಲ್ಲಿದ್ದಳು. ಅವಳನ್ನು ಯಾರೂ ಕೇಳಿರಲಿಲ್ಲ. ನಾವೂ ಕೇಳಿರಲಿಲ್ಲ.

ಎಲ್ಲವನ್ನೂ ಹೇಳಿದೆವು. ಹೇಳುವಾಗ ತಲೆಯೆತ್ತಲಾಗಲಿಲ್ಲ. ಅಮ್ಮ ಬೈಯಲಿಲ್ಲ, ಅಳಲಿಲ್ಲ. ಮೊದಲು ಕೇಳಿದ್ದು "ಎಷ್ಟಾಯಿತು?" ಎಂದು. ಎರಡೆರಡು ಪವನು ಎಂದಾಗ ತುಸು ಹೊತ್ತು ಸುಮ್ಮನಿದ್ದು, "ಯಾರು ಹೇಳಿದ್ದು ಇದು ಹೋಗುತ್ತದೆಂದು?" ಎಂದಳು. ನಾವು ಚಾವಡಿಯ ಚಿತ್ರವನ್ನು ತೋರಿಸಿದೆವು. "ಆಗ ನಿನಗೆ ಇರಲಿಲ್ಲವಲ್ಲ."

ಆಗ ಅವಳು ನಕ್ಕಳು. ಬಹಳ ಕಾಲದ ಮೇಲೆ ಹಾಗೆ ನಕ್ಕಳು.

"ಅದು ಸ್ಟುಡಿಯೋದವನ ಪೆನ್ಸಿಲಿನ ಕೆಲಸ. ನಾನು ಕೇಳಿಯೂ ಇರಲಿಲ್ಲ. ಹುಡುಗಿಯ ಕಣ್ಣಿನ ಕೆಳಗೆ ಸರಿ ಮಾಡಿ ಕೊಡುತ್ತೇನೆಂದು ನಿಮ್ಮ ಅಪ್ಪನ ಹತ್ತಿರ ಅವನೇ ಹೇಳಿದ್ದು. ಪಟ ಮನೆಗೆ ಬಂದಾಗ ನಿಮ್ಮ ಅಜ್ಜಿ, ಇದು ನಮ್ಮ ಸೊಸೆಯಲ್ಲ, ಬೇರೆ ಯಾರದೋ ಪಟ ಕೊಟ್ಟಿದ್ದಾನೆ ಎಂದರು."

ಹಳೆಯ ಸ್ಟುಡಿಯೋಗಳಲ್ಲಿ ಹಾಗೆ ಮಾಡುವ ಕ್ರಮವಿತ್ತೆಂದು ಆಮೇಲೆ ವಿಚಾರಿಸಿ ತಿಳಿದುಕೊಂಡೆವು. ನೆಗೆಟಿವಿನಲ್ಲಿ ಕಪ್ಪು ಬಿಳುಪು ತಿರುವುಮುರುವು. ಮುಖದ ಕಪ್ಪು ಅಲ್ಲಿ ಪಾರದರ್ಶಕವಾಗಿರುತ್ತದೆ. ಅದನ್ನು ಬೆಳಕಿನ ಎದುರು ಓರೆಯಾಗಿಟ್ಟು, ಮೊನೆ ಮಾಡಿದ ಪೆನ್ಸಿಲಿನಿಂದ ಆ ಜಾಗವನ್ನು ಮೆಲ್ಲಗೆ ತುಂಬಿದರೆ, ಅಚ್ಚಿನಲ್ಲಿ ಅಷ್ಟು ಭಾಗ ತಿಳಿಯಾಗಿ ಬರುತ್ತದೆ. ಹೆಸರೂ ತಿಳಿಯದ ಒಬ್ಬನ ಪೆನ್ಸಿಲಿನ ಮೊನೆಯನ್ನು ನಂಬಿ ನಾವು ಆರು ದಶಕಗಳ ತರುವಾಯ ಶಸ್ತ್ರಕ್ರಿಯೆಯ ಮೇಜಿನ ಮೇಲೆ ಮಲಗಿದ್ದೆವು.

ಅಮ್ಮ ಟ್ರಂಕಿನ ತಳದಿಂದ ಇನ್ನೊಂದು ಚಿತ್ರವನ್ನು ತೆಗೆದಳು. ಅದೇ ಮದುವೆಯದು, ಚಪ್ಪರದ ಎದುರು ಇಪ್ಪತ್ತಮೂರು ಮಂದಿ ನಿಂತದ್ದು. ಮುಖಗಳು ಹುರುಳಿಕಾಳಿನಷ್ಟು, ಪೆನ್ಸಿಲ್ ಓಡಿಸಲು ಅಲ್ಲಿ ಎಡೆಯಿಲ್ಲ. ಹಿರಿಯಳ ಓದುವ ಭೂತಗನ್ನಡಿ ಹಿಡಿದು ನೋಡಿದೆವು. ಹತ್ತೊಂಬತ್ತರ ಮದುಮಗಳ ಕಣ್ಣಿನ ಕೆಳಗೆ ನಮ್ಮದೇ ಅರ್ಧಚಂದ್ರ. ಅವಳ ಪಕ್ಕದಲ್ಲಿ ಅವಳ ಅಪ್ಪ, ಅವರಿಗೂ ಹಾಗೆಯೇ. ಹಿಂದಿನ ಸಾಲಿನಲ್ಲಿ ನಾವು ಕಂಡೇ ಇರದ ಸೋದರಮಾವನೊಬ್ಬ, ಅವನಿಗೂ.

ಮಧೂರಿಗೆ ಮೂವರೂ ಹೋಗಿಬಂದೆವು. ಕಾಯಿಲೆಯೇ ಇಲ್ಲದಿದ್ದರೂ ಹೇಳಿಕೊಂಡ ಹರಕೆಯನ್ನು ಬಿಡಲಾಗದೆಂದು ಅಮ್ಮ ಹಟ ಹಿಡಿದಳು. ಕಾರಿನಲ್ಲಿ ಅಪ್ಪದ ಪೊಟ್ಟಣ ಮಡಿಲಲ್ಲಿಟ್ಟುಕೊಂಡು ಕುಳಿತಲ್ಲೇ ನಿದ್ದೆ ಹೋದಳು. ಮನೆ ಬಂದರೂ ಎಬ್ಬಿಸಲು ಮನಸ್ಸಾಗದೆ ಅಂಗಳದಲ್ಲಿ ಕಾರು ನಿಲ್ಲಿಸಿ ಅರ್ಧ ಗಂಟೆ ಕಾದೆವು.

ಚಪ್ಪರದ ಆ ಚಿತ್ರದ ಒಂದು ಮೂಲೆಯನ್ನು ಗೆದ್ದಲು ತಿಂದಿತ್ತು. ಎರಡು ಪ್ರತಿ ಮಾಡಿಸೋಣವೆಂದು ಕಾಸರಗೋಡಿನ ಅಂಗಡಿಯೊಂದಕ್ಕೆ ಕೊಂಡುಹೋದೆವು. ಅಲ್ಲಿನ ಹುಡುಗ ಅದನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ, "ಮುಖದ ಕಪ್ಪನ್ನೆಲ್ಲ ಕ್ಲೀನ್ ಮಾಡಿ ಕೊಡಲಾ?" ಎಂದು ಕೇಳಿದ. ಗೆದ್ದಲು ತಿಂದ ಮೂಲೆಯನ್ನು ಮಾತ್ರ ಸರಿ ಮಾಡು, ಮುಖಗಳನ್ನು ಮುಟ್ಟಬೇಡ ಎಂದೆವು.